ಐರ್ಲೆಂಡ್ ಎಂಥಾ ಸಮಾಜ ಅಂತ ಕೇಳಿದ ತಂಗಿಗೆ

ನಿನ್ನ ಮೆಸೇಜ್ ಎರಡು ಸಲ ಓದಿದೆ. ಅಕ್ಕ ಅಂತ ಕರೆದಿದ್ದೀಯ, ಅದಕ್ಕೇ ನೀನು ಅಂತಲೇ ಬರೀತೀನಿ. ಲಿಮರಿಕ್‌ಗೆ ಬಂದು ನಾಲ್ಕು ತಿಂಗಳಾಯ್ತು, ಬಸ್ಸಿನಲ್ಲಿ, ಅಂಗಡಿಯಲ್ಲಿ, ಮಗಳ ಸ್ಕೂಲ್ ಗೇಟಿನ ಹತ್ತಿರ ಎಲ್ಲರೂ ನಗುನಗುತ್ತಾ ಮಾತಾಡಿಸ್ತಾರೆ, ಆದರೆ ಒಬ್ಬರೂ ಮನೆಗೆ ಬನ್ನಿ ಅಂದಿಲ್ಲ ಅಂತ ಬರೆದಿದ್ದೀಯ. ಇಂಗ್ಲೆಂಡಿನಲ್ಲಿರೋ ನಿಮ್ಮಣ್ಣ "ಎರಡೂ ಒಂದೇ, ಬಿಳಿಯರು ಎಲ್ಲಾ ಕಡೆ ಹಾಗೇ" ಅಂದರಂತೆ. ಪಕ್ಕದ ಮನೆ ಅಜ್ಜ ಕೇಳದೇನೇ ಪ್ರತಿ ವಾರ ನಿಮ್ಮ ಕಸದ ಬಿನ್ ಒಳಗೆ ತಂದಿಡ್ತಾರೆ, ಅದಕ್ಕೆ ಏನು ಮಾಡಬೇಕೋ ತಿಳೀತಿಲ್ಲ ಅಂದಿದ್ದೀಯ. ಕೊನೆಗೆ, ಇದು ಎಂಥಾ ಸಮಾಜ, ನಾವು ಯಾವತ್ತಾದರೂ ಇಲ್ಲಿ ಒಳಗಿನವರು ಆಗ್ತೀವಾ ಅಂತ ಕೇಳಿದ್ದೀಯ.

ನಾನು ಸಾಗರ ತಾಲ್ಲೂಕಿನವಳು. ಎರಡು ವರ್ಷ ಇಂಗ್ಲೆಂಡಿನಲ್ಲಿ ನರ್ಸ್ ಕೆಲಸ ಮಾಡಿ 2008ರಲ್ಲಿ ಇಲ್ಲಿಗೆ ಬಂದೆ. ಈಗ ಕ್ಲೇರ್ ಕೌಂಟಿಯಲ್ಲಿ, ಎನಿಸ್ ಪಟ್ಟಣದಿಂದ ಸ್ವಲ್ಪ ದೂರದ ಹಳ್ಳಿಯಲ್ಲಿದ್ದೀನಿ. ಎರಡೂ ದೇಶದಲ್ಲಿ ಇದ್ದವಳಾಗಿ ಹೇಳ್ತೀನಿ, ನಿಮ್ಮಣ್ಣನ ಮಾತು ಸರಿಯಲ್ಲ. ಮಾತಾಡೋ ಭಾಷೆ ಒಂದೇ ನಿಜ. ಆದರೆ ಈ ಸಮಾಜದ ಒಳಗಿನ ಲೆಕ್ಕಾಚಾರ ಇಂಗ್ಲೆಂಡಿಗಿಂತ ನಮ್ಮ ಕಡೆಯ ಹಳ್ಳಿಗೆ ಹತ್ತಿರ. ಇದು ಊರು, ನೆಂಟಸ್ತನ, ಜಮೀನು, ಮಾತು ಇವುಗಳ ಮೇಲೆ ನಿಂತ ಸಮಾಜ. ಮೇಲೆ ಗೂಗಲ್, ಆ್ಯಪಲ್ ಕಟ್ಟಡಗಳಿದ್ದರೂ ಅಡಿಪಾಯ ಅದೇ. ಇದನ್ನು ತಿಳಿದುಕೊಳ್ಳದೆ ನಾನು ಮೊದಲ ಮೂರು ವರ್ಷ ಸುಮ್ಮನೆ ನೊಂದುಕೊಂಡೆ. ನೀನು ಹಾಗೆ ಮಾಡಿಕೊಳ್ಳಬೇಡ ಅಂತ ಇಷ್ಟು ಉದ್ದ ಬರೀತಿದ್ದೀನಿ.

ಜಮೀನಿನಿಂದ ಶುರು ಮಾಡ್ತೀನಿ. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಂತು, ಏಳು ವರ್ಷ ಕ್ಷಾಮ. ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಅದಕ್ಕೂ ಮುಂಚೆ ಬಡ ಗೇಣಿದಾರರು ಇದ್ದ ತುಂಡು ಜಮೀನನ್ನೇ ಮಕ್ಕಳಿಗೆಲ್ಲ ಹಂಚುತ್ತಿದ್ದರು, ನಮ್ಮಲ್ಲಿ ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹಾಗೇ. ಕ್ಷಾಮದ ಮೇಲೆ ಅದು ನಿಂತುಹೋಯ್ತು. ಒಬ್ಬ ಮಗನಿಗೆ ಜಮೀನು, ಒಬ್ಬ ಮಗಳಿಗೆ ಮದುವೆ, ಉಳಿದವರಿಗೆ ಬಾಸ್ಟನ್, ನ್ಯೂಯಾರ್ಕ್, ಇಲ್ಲಾ ಚರ್ಚಿನ ಸೇವೆ. 1930ರ ದಶಕದಲ್ಲಿ ಆರೆನ್ಸ್‌ಬರ್ಗ್ ಮತ್ತು ಕಿಂಬಾಲ್ ಅನ್ನೋ ಇಬ್ಬರು ಅಮೆರಿಕದ ಮಾನವಶಾಸ್ತ್ರಜ್ಞರು ನಾನಿರುವ ಇದೇ ಕ್ಲೇರ್‌ನಲ್ಲಿ ಉಳಿದು ಇದನ್ನೆಲ್ಲ ಬರೆದಿಟ್ಟರು, ನಮ್ಮ ಎಂ.ಎನ್. ಶ್ರೀನಿವಾಸ್ ಮುಂದೆ ಮೈಸೂರು ಹತ್ತಿರದ ಹಳ್ಳಿಯಲ್ಲಿ ಕೂತು ಬರೆದ ಹಾಗೆ. ಅವರು ದಾಖಲಿಸಿದ್ದು ಓದಿದರೆ ನಮ್ಮ ಮನೆ ಕಥೆ ಅನ್ನಿಸ್ತದೆ. ಸಂಬಂಧ ಕುದುರಿಸೋಕೆ ಮಧ್ಯಸ್ಥ ಇರ್ತಿದ್ದ. ಹೆಣ್ಣಿನ ಕಡೆಯವರು ಗಂಡಿನ ಜಮೀನು ನೋಡೋಕೆ ಹೋಗ್ತಿದ್ದರು. ಹೆಣ್ಣು ತರುವ ವರದಕ್ಷಿಣೆಗೆ ಇಲ್ಲಿ 'ಫಾರ್ಚೂನ್' ಅಂತ ಹೆಸರು, ಎಷ್ಟೋ ಸಲ ಆ ದುಡ್ಡಿನಲ್ಲೇ ಗಂಡಿನ ತಂಗಿಯ ಮದುವೆ ಆಗ್ತಿತ್ತು. ಮಗನ ಮದುವೆ ಆದಮೇಲೆ ಮುದುಕ ಮುದುಕಿ ಮನೆಯ ಪಶ್ಚಿಮದ ಕೋಣೆಗೆ ಸರೀತಿದ್ದರು. ಅಪ್ಪ ಜಮೀನು ಬಿಟ್ಟುಕೊಡೋವರೆಗೂ ಮಗನಿಗೆ ನಲವತ್ತೈದು ವರ್ಷವಾದರೂ ಊರವರ ಬಾಯಲ್ಲಿ ಅವನು 'ಹುಡುಗ'ನೇ.

ಈ ಜಮೀನಿನ ಹಂಬಲ ನಮಗೆ, ಅದರಲ್ಲೂ ಸಾಗರದವರಿಗೆ, ಬಿಡಿಸಿ ಹೇಳಬೇಕಾಗಿಲ್ಲ. 1951ರ ಕಾಗೋಡು ಸತ್ಯಾಗ್ರಹದ ಮಾತು ಕೇಳಿಕೊಂಡೇ ಬೆಳೆದವಳು ನಾನು. ಇಲ್ಲಿ ಮೇಯೋ ಕೌಂಟಿಯಲ್ಲಿ 1879ರಲ್ಲಿ ಗೇಣಿದಾರರ ಸಂಘ ಕಟ್ಟಿದರು. ಮುಂದಿನ ವರ್ಷ ಬಾಯ್ಕಾಟ್ ಅನ್ನೋ ಜಮೀನುದಾರನ ಏಜೆಂಟಿಗೆ ಯಾರೂ ಕೊಯ್ಲಿಗೆ ಹೋಗಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ನಾವು ಇವತ್ತು ಬಳಸುವ 'ಬಾಯ್ಕಾಟ್' ಅನ್ನುವ ಪದ ಅವನ ಹೆಸರೇ. ನಮ್ಮಲ್ಲಿ ಉಳುವವನೇ ಹೊಲದೊಡೆಯ ಅಂತ ದೇವರಾಜ ಅರಸರು 1974ರಲ್ಲಿ ಮಾಡಿದ ಕಾನೂನು ಒಕ್ಕಲುಗಳ ಬದುಕು ಬದಲಿಸಿದ ಹಾಗೆ ಇಲ್ಲಿ 1903ರ ಕಾನೂನು ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ನಿನ್ನ ಆಫೀಸಿನಲ್ಲಿ ಎಲ್ಲರೂ ದಿನಬೆಳಗಾದರೆ ಮನೆ ಕೊಳ್ಳೋ ಮಾತೇ ಆಡ್ತಾರೆ, ಬಾಡಿಗೆ ಮನೆಯಲ್ಲಿದ್ದೀನಿ ಅನ್ನೋಕೆ ಸಂಕೋಚಪಡ್ತಾರೆ ಅಂದೆಯಲ್ಲ. ಬಾಡಿಗೆ ಏರಿರೋದು ಒಂದು ಕಾರಣ, ಜಮೀನುದಾರರು ಗೇಣಿದಾರರನ್ನು ಒಕ್ಕಲೆಬ್ಬಿಸಿದ ನೆನಪು ಅದಕ್ಕಿಂತ ಹಳೆಯ ಕಾರಣ.

ಇನ್ನೊಂದು ಅಂಕಿ ನೆನಪಿಟ್ಟುಕೋ. ಈಗಿನ ಗಣರಾಜ್ಯದ ಭಾಗದಲ್ಲಿ, ಅಂದರೆ ಉತ್ತರ ಐರ್ಲೆಂಡ್ ಬಿಟ್ಟು, 1841ರಲ್ಲಿ 65 ಲಕ್ಷ ಜನ ಇದ್ದರು. 1961ಕ್ಕೆ 28 ಲಕ್ಷಕ್ಕೆ ಇಳಿದಿತ್ತು. 2022ರ ಜನಗಣತಿಯಲ್ಲಿ 51 ಲಕ್ಷ, ಬೆಂಗಳೂರಿನ ಅರ್ಧದಷ್ಟೂ ಇಲ್ಲ. ನೂರಿಪ್ಪತ್ತು ವರ್ಷ ಮಕ್ಕಳನ್ನು ಹೊರಗೆ ಕಳಿಸುತ್ತಲೇ ಬಂದ ದೇಶ ಇದು. ಅಮೆರಿಕಕ್ಕೆ ಹೊರಟವರಿಗೆ ಹಿಂದಿನ ರಾತ್ರಿ ಊರೆಲ್ಲ ಸೇರಿ ಹಾಡಿ ಕುಣಿದು ಅಳುತ್ತಿದ್ದರು. ಅದಕ್ಕೆ 'ಅಮೆರಿಕನ್ ವೇಕ್' ಅಂತಿದ್ದರು. ವೇಕ್ ಅಂದರೆ ಹೆಣದ ಮುಂದೆ ರಾತ್ರಿ ಕಾಯೋದು. ಮತ್ತೆ ಮುಖ ನೋಡಲ್ಲ ಅಂತ ಗೊತ್ತಿದ್ದವರನ್ನು ಹಾಗೆ ಕಳಿಸಿಕೊಡ್ತಿದ್ದರು. ಅಮ್ಮನ ನೆನಪಾಗಿ ನೀನು ಕಣ್ಣೀರು ಹಾಕಿದ್ದು ನೋಡಿ ಆಫೀಸಿನ ಹೆಂಗಸು ಏನೂ ಹೇಳದೆ ಕೈ ಹಿಡಿದುಕೊಂಡರು ಅಂದೆಯಲ್ಲ, ಅವರ ಮನೆಯಲ್ಲಿ ಸಿಡ್ನಿಗೋ ಟೊರಾಂಟೋಗೋ ಹೋದ ಮಗ ಇದ್ದೇ ಇರ್ತಾನೆ.

ಈಗ ನಿನ್ನ ಮುಖ್ಯ ಪ್ರಶ್ನೆಗೆ ಬರ್ತೀನಿ, ಮನೆ ಬಾಗಿಲು ಯಾವಾಗ ತೆರೀತದೆ ಅನ್ನೋದು. ನನಗೆ ತೆರೆದದ್ದು ಒಂದು ಸಾವಿನಿಂದ.

2011ರ ಜನವರಿ. ನಮ್ಮ ರಸ್ತೆಯ ತುದಿಯಲ್ಲಿದ್ದ ರೈತರೊಬ್ಬರು ತೀರಿಕೊಂಡರು. ಕೈ ಎತ್ತಿ ನಮಸ್ಕಾರ ಮಾಡುವಷ್ಟೇ ಪರಿಚಯ. ನಾನು ಹೋಗಬೇಕಾ ಬೇಡವಾ ಅಂತ ಅನುಮಾನಿಸ್ತಿದ್ದೆ. ಜೊತೆ ಕೆಲಸ ಮಾಡುವವಳು "ಹೋಗಲೇಬೇಕು, ಕರೆಯೋಕೆ ಯಾರೂ ಬರಲ್ಲ" ಅಂದಳು. ಕತ್ತಲಾಗಿತ್ತು, ಸಣ್ಣ ಮಳೆ. ರಸ್ತೆಯ ಎರಡೂ ಪಕ್ಕ ಕಾರುಗಳು. ಹೊಳೆಯುವ ಹಳದಿ ಜಾಕೆಟ್ ಹಾಕಿದ ಹುಡುಗರು, ಊರಿನ ಆಟದ ಕ್ಲಬ್ಬಿನವರು, ಟಾರ್ಚ್ ಹಿಡಿದು ಗಾಡಿ ನಿಲ್ಲಿಸೋಕೆ ಜಾಗ ತೋರಿಸ್ತಿದ್ದರು. ಮುಂದಿನ ಕೋಣೆಯಲ್ಲಿ ಪೆಟ್ಟಿಗೆ ತೆರೆದಿಟ್ಟಿದ್ದರು. ಕೋಟು ಹಾಕಿ ಮಲಗಿಸಿದ್ದರು, ಬೆರಳುಗಳಿಗೆ ಜಪಮಾಲೆ ಸುತ್ತಿತ್ತು. ಪಕ್ಕದಲ್ಲಿ ಹೆಂಡತಿ, ಮಕ್ಕಳು ಸಾಲಾಗಿ ಕೂತಿದ್ದರು. ಬಂದವರು ಒಬ್ಬೊಬ್ಬರ ಕೈ ಕುಲುಕಿ "ಸಾರಿ ಫಾರ್ ಯುವರ್ ಟ್ರಬಲ್" ಅಂತ ಮುಂದೆ ಹೋಗ್ತಿದ್ದರು. ನಾನೂ ಅಷ್ಟೇ ಹೇಳಿದೆ. ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಅಲ್ಲಿಂದ ಅಡುಗೆಮನೆಗೆ ಕಳಿಸಿದರು. ಹತ್ತು ಹನ್ನೆರಡು ಹೆಂಗಸರು ಮೊಟ್ಟೆ, ಹ್ಯಾಮ್ ಸ್ಯಾಂಡ್‌ವಿಚ್ ಕೊಯ್ದು ಜೋಡಿಸ್ತಿದ್ದರು, ಚರ್ಚ್ ಹಾಲಿನಿಂದ ತಂದ ಕಪ್ಪುಗಳಲ್ಲಿ ಚಹಾ. ನಮ್ಮಲ್ಲಿ ಸಾವಿನ ಮನೆಯಲ್ಲಿ ಒಲೆ ಹಚ್ಚಲ್ಲ, ಹೋದವರು ನೀರೂ ಮುಟ್ಟದೆ ಬಂದು ಸ್ನಾನ ಮಾಡ್ತೀವಿ. ನನಗೆ ಕೈ ಮುಂದೆ ಬರಲಿಲ್ಲ. ಏನು ಮಾಡಬೇಕೋ ತೋಚದೆ ಸಿಂಕಿನ ಹತ್ತಿರ ಹೋಗಿ ಕಪ್ ತೊಳೆಯೋಕೆ ನಿಂತೆ. ಎರಡು ಗಂಟೆ ತೊಳೆದೆ. ಒಬ್ಬಳು ಬಟ್ಟೆ ತಗೊಂಡು ಒರೆಸೋಕೆ ನಿಂತಳು, ನಮ್ಮೂರು ಯಾವುದು, ಅಪ್ಪ ಅಮ್ಮ ಇದ್ದಾರಾ, ಎಷ್ಟು ಜನ ಮಕ್ಕಳು ಅಂತ ಕೇಳಿದಳು. ಮನೆಗೆ ಬಂದು ಸ್ನಾನ ಮಾಡಿದೆ, ಅದನ್ನು ಬಿಡೋಕೆ ಆಗಲಿಲ್ಲ. ಎರಡು ವಾರದ ಮೇಲೆ ತೀರಿಕೊಂಡವರ ಹೆಂಡತಿ ಬಟ್ಟೆಯಲ್ಲಿ ಸುತ್ತಿದ ಬಿಸಿ ಬ್ರೌನ್ ಬ್ರೆಡ್ ಹಿಡಿದುಕೊಂಡು ನಮ್ಮ ಹಿಂಬಾಗಿಲಿಗೆ ಬಂದರು. ಇಲ್ಲಿ ಹಿಂಬಾಗಿಲಿಗೆ ಬಂದರು ಅಂದರೆ ನಮ್ಮವರು ಅಂತ ಎಣಿಸಿದ ಲೆಕ್ಕ.

ಇಂಗ್ಲೆಂಡಿನಲ್ಲಿ ಹೆಣ ಎತ್ತೋಕೆ ಎರಡು ಮೂರು ವಾರ ಆಗ್ತದೆ, ಹೆಚ್ಚಾಗಿ ಹತ್ತಿರದವರು ಮಾತ್ರ ಹೋಗ್ತಾರೆ. ಇಲ್ಲಿ ಎರಡು ಮೂರು ದಿನದಲ್ಲಿ ಮುಗೀತದೆ, ಎಲ್ಲರೂ ಹೋಗ್ತಾರೆ. ಊರಿನ ರೇಡಿಯೋದಲ್ಲಿ ದಿನಾ ಸಾವಿನ ಸುದ್ದಿ ಓದ್ತಾರೆ, ಆರ್‌ಐಪಿ ಡಾಟ್ ಐಇ ಅನ್ನೋ ತಾಣವನ್ನು ಜನ ಬೆಳಿಗ್ಗೆ ಎದ್ದು ಪೇಪರಿನ ಹಾಗೆ ನೋಡ್ತಾರೆ. ಟಿಡಿ ಅಂತ ಕರೆಯುವ ಸಂಸದರೂ ಬರ್ತಾರೆ, ನಮ್ಮ ಎಂಎಲ್‌ಎಗಳು ಮದುವೆ, ತಿಥಿಗೆಲ್ಲ ಹಾಜರಾಗೋ ಹಾಗೆ. ನಿನ್ನ ಸಹೋದ್ಯೋಗಿಯ ಅಪ್ಪನೋ ಅಮ್ಮನೋ ತೀರಿಕೊಂಡರೆ ಹೋಗು. ಹೊಸಬಳು ಅಂತ ಹಿಂಜರಿಯಬೇಡ. ಬಂದವರನ್ನು ಇವರು ವರ್ಷಗಟ್ಟಲೆ ನೆನಪಿಟ್ಟುಕೊಳ್ತಾರೆ.

ಮಾತಿನ ವಿಷಯ. "ಹೌ ಆರ್ ಯೂ" ಅಂದರೆ ಬರೀ ನಮಸ್ಕಾರ. "ಕಾಫಿಗೆ ಸಿಗೋಣ" ಅಂದರೆ ದಿನ ಗೊತ್ತು ಮಾಡೋವರೆಗೂ ಅದು ಪ್ರೀತಿಯ ಮಾತು ಅಷ್ಟೇ, ಸುಳ್ಳಲ್ಲ. "ಐ ವಿಲ್, ಯಾ" ಅಂತ ರಾಗ ಎಳೆದರೆ ಬರಲ್ಲ ಅಂತ ಅರ್ಥ. ಎದುರಿಗೆ ಇಲ್ಲ ಅನ್ನೋಕೆ ಇವರಿಗೂ ನಮ್ಮ ಹಾಗೇ ಬಾಯಿ ಬರಲ್ಲ. ಚಹಾ ಬೇಕಾ ಅಂದರೆ ಮೊದಲು ಬೇಡ ಅಂತಾರೆ, ಎರಡನೇ ಸಲವೂ ತೊಂದರೆ ತಗೋಬೇಡಿ ಅಂತಾರೆ, ಮೂರನೇ ಸಲಕ್ಕೆ ಕುಡೀತಾರೆ. ನಮ್ಮ ಅತ್ತೆಯಂದಿರಿಗೆ ಒತ್ತಾಯ ಮಾಡಿ ಬಡಿಸಿದ ಅಭ್ಯಾಸ ಇಲ್ಲಿ ಸರಿಯಾಗಿ ಒದಗ್ತದೆ. ಪಬ್ಬಿಗೆ ಕರೆದರೆ ಹೋಗು, ಕುಡಿಯಲೇಬೇಕು ಅಂತಿಲ್ಲ. ಆದರೆ ಅಲ್ಲಿ ಒಬ್ಬೊಬ್ಬರು ಒಂದೊಂದು ಸುತ್ತು ಎಲ್ಲರಿಗೂ ಕೊಡಿಸ್ತಾರೆ. ನಿನ್ನ ಸುತ್ತು ಬಂದಾಗ ಎದ್ದು ಕೌಂಟರಿಗೆ ಹೋಗು, ನೀನು ಆರೆಂಜ್ ಜ್ಯೂಸ್ ಕುಡಿದಿದ್ದರೂ ಸರಿ.

ಇವರ ಇಂಗ್ಲಿಷ್ ಕೇಳಿ ನಿನಗೆ ಯಾಕೋ ಪರಿಚಿತ ಅನ್ನಿಸ್ತಿದೆ ಅಂದೆಯಲ್ಲ, ಅದಕ್ಕೆ ಕಾರಣ ಇದೆ. ಐರಿಷ್ ಭಾಷೆಯಲ್ಲಿ ಹೌದು, ಇಲ್ಲ ಅನ್ನೋಕೆ ಬೇರೆ ಪದಗಳೇ ಇಲ್ಲ. ಬರ್ತೀಯಾ ಅಂದರೆ ಬರ್ತೀನಿ, ತಿಂದೆಯಾ ಅಂದರೆ ತಿಂದೆ, ಹೀಗೆ ಕ್ರಿಯಾಪದದಲ್ಲೇ ಉತ್ತರ. ಕ್ಷಮಿಸಿ ಅನ್ನೋಕೆ 'ತಾ ಬ್ರೋನ್ ಓರಮ್' ಅಂತಾರೆ, ದುಃಖ ನನ್ನ ಮೇಲಿದೆ ಅಂತ. ದುಃಖ ನನಗೆ ಆಗೋದು, ನಾನು ಮಾಡೋದಲ್ಲ, ಕನ್ನಡದ ಹಾಗೇ. ಆದರೆ ಆ ಭಾಷೆಯ ಗತಿ ನೋಡಿದರೆ ನನಗೆ ಭಯ ಆಗ್ತದೆ. ಸಂವಿಧಾನದಲ್ಲಿ ಅದೇ ಮೊದಲ ಅಧಿಕೃತ ಭಾಷೆ, ಎಲ್ಲಾ ರಸ್ತೆ ಫಲಕಗಳಲ್ಲಿ ಮೇಲಿನ ಸಾಲು ಅದರದ್ದೇ, ಮಕ್ಕಳು ಶಾಲೆಯಲ್ಲಿ ವರ್ಷಗಟ್ಟಲೆ ಕಲೀತಾರೆ. 2022ರಲ್ಲಿ ನೂರಕ್ಕೆ ನಲವತ್ತು ಜನ ನಮಗೆ ಬರ್ತದೆ ಅಂತ ಬರೆಸಿದರು. ಶಾಲೆಯ ಹೊರಗೆ ದಿನಾ ಮಾತಾಡುವವರು 72 ಸಾವಿರ ಕೂಡ ಇಲ್ಲ. ಫಲಕ ಉಳೀತು, ಅಡುಗೆಮನೆಯಿಂದ ಭಾಷೆ ಹೋಯ್ತು. ಕುವೆಂಪು ಎಳೆಯ ವಯಸ್ಸಿನಲ್ಲಿ ಇಂಗ್ಲಿಷ್ ಕವಿತೆ ತೋರಿಸಿದಾಗ, ನಿಮ್ಮ ಭಾಷೆಯಲ್ಲಿ ಬರೀರಿ ಅಂದ ಜೇಮ್ಸ್ ಕಸಿನ್ಸ್ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಐರಿಷ್ ಕವಿ. ಭಾಷೆ ಕಳೆದುಕೊಂಡ ನೆಲದವರೇ ನಮಗೆ ಆ ಮಾತು ಹೇಳಿದರು. ಮಗಳ ಹತ್ತಿರ ಮನೆಯಲ್ಲಿ ಕನ್ನಡದಲ್ಲೇ ಮಾತಾಡು, ಟೀಚರ್ ಏನೇ ಅಂದರೂ ಬಿಡಬೇಡ.

ಇನ್ನು ಮುಂದಿನದನ್ನು ಬರೆಯೋಕೆ ನನಗೆ ಕಷ್ಟ. ಈ ಬೆಚ್ಚಗಿನ ಊರುತನಕ್ಕೆ ಇನ್ನೊಂದು ಮುಖ ಇತ್ತು. ಊರಿನವರು ಏನಂತಾರೆ ಅನ್ನೋ ಅಂಜಿಕೆ. ಅದರ ಭಾರವೆಲ್ಲ ಬಿದ್ದದ್ದು ಹೆಣ್ಣುಮಕ್ಕಳ ಮೇಲೆ. ಮದುವೆಯಾಗದೆ ಬಸುರಾದವರನ್ನು ಮನೆಯವರೇ ಚರ್ಚಿನವರು ನಡೆಸುವ ಮನೆಗಳಿಗೆ ಬಿಟ್ಟು ಬರ್ತಿದ್ದರು. ಸನ್ಯಾಸಿನಿಯರು ನಡೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳಲ್ಲಿ ಹೆಂಗಸರು ಕೂಲಿಯಿಲ್ಲದೆ ಬಟ್ಟೆ ಒಗೆದರು, ಕೊನೆಯದು ಮುಚ್ಚಿದ್ದು 1996ರಲ್ಲಿ. ಗಾಲ್ವೇ ಕೌಂಟಿಯ ಟೂಮ್‌ನಲ್ಲಿ ಅಂಥ ಒಂದು ಮನೆಯಲ್ಲಿ 796 ಮಕ್ಕಳು ಸತ್ತಿದ್ದರು, ಹೂತ ದಾಖಲೆ ಇಲ್ಲ. ಅದನ್ನು ಹೊರಗೆ ತಂದದ್ದು ಕ್ಯಾಥರೀನ್ ಕೋರ್ಲೆಸ್ ಅನ್ನೋ ಸ್ಥಳೀಯ ಇತಿಹಾಸಕಾರ್ತಿ, ಒಂದೊಂದೇ ಮರಣಪತ್ರ ಹುಡುಕಿ. 1973ರವರೆಗೆ ಸರ್ಕಾರಿ ಕೆಲಸದಲ್ಲಿದ್ದ ಹೆಂಗಸು ಮದುವೆಯಾದರೆ ಕೆಲಸ ಬಿಡಬೇಕಿತ್ತು. ವಿಚ್ಛೇದನಕ್ಕೆ ಅವಕಾಶ ಬಂದದ್ದೇ 1995ರ ಜನಮತದಲ್ಲಿ, ಒಂಬತ್ತು ಸಾವಿರ ಮತಗಳ ಅಂತರದಲ್ಲಿ.

ಸವಿತಾ ಹಾಲಪ್ಪನವರ ನಮ್ಮ ಬೆಳಗಾವಿಯ ಹುಡುಗಿ, ದಂತವೈದ್ಯೆ, 31 ವರ್ಷ. ಗಾಲ್ವೇಯಲ್ಲಿದ್ದಳು. 2012ರ ಅಕ್ಟೋಬರ್‌ನಲ್ಲಿ, 17 ವಾರದ ಬಸುರಿ, ಗರ್ಭ ಉಳಿಯಲ್ಲ ಅಂತ ವೈದ್ಯರೇ ಹೇಳಿದ್ದರು. ತೆಗೆಯಿರಿ ಅಂತ ಅವಳು ಕೇಳಿಕೊಂಡಳು. ಮಗುವಿನ ಎದೆಬಡಿತ ಇದೆ, ಕಾನೂನು ಬಿಡಲ್ಲ ಅಂದರು. ಇದು ಕ್ಯಾಥೊಲಿಕ್ ದೇಶ ಅನ್ನೋ ಮಾತು ಅಲ್ಲಿ ಬಂದದ್ದು ಆಮೇಲೆ ವಿಚಾರಣೆಯಲ್ಲೂ ದಾಖಲಾಯ್ತು. ಸೋಂಕು ರಕ್ತಕ್ಕೆ ಏರಿ ಅಕ್ಟೋಬರ್ 28ಕ್ಕೆ ತೀರಿಕೊಂಡಳು. ಸುದ್ದಿ ಬಂದ ವಾರ ನಾನು ಡ್ಯೂಟಿಯಲ್ಲಿ ಹೇಗಿದ್ದೆ ಅಂತ ಹೇಳೋಕೆ ಆಗಲ್ಲ. ಊರಿಂದ ಅಮ್ಮ ಫೋನ್ ಮಾಡಿ ವಾಪಸ್ ಬಂದುಬಿಡು ಅಂದಳು.

ಆದರೆ ಆ ಚಳಿಯಲ್ಲಿ ಮೇಣದಬತ್ತಿ ಹಿಡಿದು ಬೀದಿಗೆ ಬಂದ ಸಾವಿರಾರು ಜನ ಐರಿಷರು. ಆರು ವರ್ಷ ಅವಳ ಹೆಸರು ಬಿಡಲಿಲ್ಲ. 2018ರ ಮೇ 25ಕ್ಕೆ ಜನಮತ, ಗರ್ಭಪಾತ ತಡೆದಿದ್ದ ಸಂವಿಧಾನದ ಕಲಂ ತೆಗೆಯಬೇಕಾ ಅಂತ. ಬೆಳಗಾವಿಯಿಂದ ಅವಳ ತಂದೆ, ನನ್ನ ಮಗಳನ್ನು ನೆನೆದು ಮತ ಹಾಕಿ ಅಂತ ಕೇಳಿಕೊಂಡರು. ಹೊರದೇಶದಲ್ಲಿದ್ದ ಹುಡುಗ ಹುಡುಗಿಯರು ವಿಮಾನ ಹತ್ತಿ ಬಂದು ಮತ ಹಾಕಿದರು. ಅಷ್ಟರಲ್ಲಿ ನನಗೂ ಪೌರತ್ವ ಸಿಕ್ಕಿತ್ತು, ನಾನೂ ಹಾಕಿದೆ. ನೂರಕ್ಕೆ 66.4 ಜನ ಆ ಕಲಂ ತೆಗೆಯಿರಿ ಅಂದರು. ಮಾರನೇ ವಾರ ಡಬ್ಲಿನ್‌ಗೆ ಹೋಗಿ, ಗೋಡೆ ಮೇಲೆ ಬರೆದ ಅವಳ ಚಿತ್ರದ ಮುಂದೆ ನಿಂತೆ. ಸುತ್ತಲೂ ನೂರಾರು ಬಣ್ಣದ ಚೀಟಿ ಅಂಟಿಸಿದ್ದರು. ಎಷ್ಟೋ ಚೀಟಿಗಳಲ್ಲಿ ಇದ್ದದ್ದು ಒಂದೇ ಪದ, ಸಾರಿ. ನಾವು ಬದಲಾದೆವು ಅಂತ ಎದೆ ತಟ್ಟಿಕೊಳ್ಳದೆ, ತಪ್ಪಾಯ್ತು ಅಂತ ಗೋಡೆಗೆ ಬರೆದು ಹೋದ ಜನ ಇವರು. ಈ ಸಮಾಜವನ್ನು ನಾನು ನಂಬೋದು ಆ ಚೀಟಿಗಳಿಂದ.

ಹಾಗಂತ ಚರ್ಚು ಹೋಯ್ತು ಅಂದುಕೊಳ್ಳಬೇಡ. 2022ರಲ್ಲೂ ನೂರಕ್ಕೆ 69 ಜನ ಕ್ಯಾಥೊಲಿಕ್ ಅಂತಲೇ ಬರೆಸಿದ್ದಾರೆ, ಪ್ರಾಥಮಿಕ ಶಾಲೆಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಚರ್ಚಿನ ಆಡಳಿತದಲ್ಲಿವೆ. ಎರಡನೇ ತರಗತಿಯಲ್ಲಿ ಫಸ್ಟ್ ಕಮ್ಯುನಿಯನ್, ಅಂದರೆ ಕ್ಯಾಥೊಲಿಕ್ ಮಕ್ಕಳು ಚರ್ಚಿನಲ್ಲಿ ಮೊದಲ ಸಲ ಪ್ರಸಾದ ತಗೊಳ್ಳೋ ಸಂಸ್ಕಾರದ ತಯಾರಿ ನಡೀತದೆ. ಮಗಳನ್ನು ಅದರಿಂದ ಬಿಡಿಸೋ ಹಕ್ಕು ನಿನಗಿದೆ. ಆ ಹೊತ್ತಿನಲ್ಲಿ ಅವಳು ಎಲ್ಲಿ ಕೂತು ಏನು ಮಾಡ್ತಾಳೆ ಅಂತ ಟೀಚರ್ ಹತ್ತಿರ ಮೊದಲೇ ಮಾತಾಡು. ಯಾವ ಧರ್ಮಕ್ಕೂ ಸೇರದ ಎಜುಕೇಟ್ ಟುಗೆದರ್ ಶಾಲೆಗಳೂ ಇವೆ, ಸೀಟು ಸಿಗೋದು ಕಷ್ಟ.

ಜಾತಿ ಇಲ್ಲವಾ ಅಂತ ಕೇಳಿದ್ದೀಯ. ನಮ್ಮ ಥರದ್ದು ಇಲ್ಲ. ಬಾಸ್‌ನ್ನು ಹೆಸರು ಹಿಡಿದೇ ಕರೀತಾರೆ. 2011ರಿಂದ 2025ರವರೆಗೆ ರಾಷ್ಟ್ರಪತಿಯಾಗಿದ್ದ ಹಿಗಿನ್ಸ್, ಗಾಲ್ವೇಯಲ್ಲಿ ಸಮಾಜಶಾಸ್ತ್ರ ಪಾಠ ಮಾಡಿದ ಮೇಷ್ಟ್ರು, ಎಲ್ಲರಿಗೂ ಬರೀ ಮೈಕಲ್ ಡೀ. ಆದರೆ ಟ್ರಾವೆಲರ್ಸ್ ಅನ್ನೋ ಸಮುದಾಯದ ಕಡೆ ನೋಡು. ತಲೆತಲಾಂತರದಿಂದ ಊರಿಂದೂರಿಗೆ ಹೋಗ್ತಾ ತಗಡಿನ ಕೆಲಸ, ಕುದುರೆ ವ್ಯಾಪಾರ ಮಾಡಿದವರು, ಇಲ್ಲಿನ ಜನರೇ. 2017ರಲ್ಲಿ ಸರ್ಕಾರ ಅವರನ್ನು ಪ್ರತ್ಯೇಕ ಜನಾಂಗ ಅಂತ ಒಪ್ಪಿಕೊಂಡಿತು. 33 ಸಾವಿರದಷ್ಟು ಜನ ಇದ್ದಾರೆ. ಅವರ ಬಗ್ಗೆ ಒಳ್ಳೆಯವರ ಬಾಯಲ್ಲೂ ಕೆಟ್ಟ ಮಾತು ಬರ್ತದೆ, ನಮ್ಮಲ್ಲಿ ಅಲೆಮಾರಿಗಳ ಬಗ್ಗೆ ಬರೋ ಹಾಗೇ. ನಮ್ಮವರು ಬಂದ ಆರು ತಿಂಗಳಲ್ಲಿ ಆ ಮಾತನ್ನೇ ಕಲಿತು ಆಡೋದನ್ನು ಕೇಳಿ ನನಗೆ ತುಂಬಾ ನೋವಾಗ್ತದೆ. ನೀನು ಅದನ್ನು ಕಲೀಬೇಡ.

ನಮ್ಮ ಮೇಲೆ ನಡೆದ ಹಲ್ಲೆಗಳ ಬಗ್ಗೆ ನಿನ್ನ ಗಂಡನಿಗೆ ಆತಂಕ ಇದೆ ಅಂದೆ. ಅದು ಸುಳ್ಳು ಆತಂಕ ಅಲ್ಲ. 2025ರ ಜುಲೈನಲ್ಲಿ ಡಬ್ಲಿನ್‌ನ ಟಾಲಾದಲ್ಲಿ ಒಬ್ಬ ಭಾರತೀಯನನ್ನು ಹೊಡೆದು ರಕ್ತ ಸುರಿಸಿದರು. ನಮ್ಮ ರಾಯಭಾರ ಕಚೇರಿ ಎಚ್ಚರಿಕೆ ಕೊಡಬೇಕಾಯ್ತು. ಅವನಿಗೆ ಸಹಾಯಕ್ಕೆ ನಿಂತದ್ದು ದಾರಿಯಲ್ಲಿ ಬಂದ ಅಲ್ಲಿಯ ಹೆಂಗಸು, ಹಲ್ಲೆ ಖಂಡಿಸಿ ಬೀದಿಗೆ ಇಳಿದವರಲ್ಲಿ ಅದೇ ಊರಿನವರೂ ಇದ್ದರು. ಎರಡೂ ಈ ಸಮಾಜವೇ. ಜನ ಬಿಟ್ಟು ಹೋಗೋದನ್ನೇ ನೋಡಿದ್ದ ದೇಶಕ್ಕೆ ಒಂದು ತಲೆಮಾರಿನಲ್ಲಿ ಜನ ಬಂದರು. ಈಗ ಐದರಲ್ಲಿ ಒಬ್ಬರು ಹೊರಗೆ ಹುಟ್ಟಿದವರು, ಭಾರತದ ಪಾಸ್‌ಪೋರ್ಟಿನವರೇ 2022ರಲ್ಲಿ 45 ಸಾವಿರ ದಾಟಿದ್ದರು. ಮನೆ ಸಿಗದ ಸಿಟ್ಟು ಬಣ್ಣ ಕಾಣೋರ ಮೇಲೆ ತಿರುಗ್ತದೆ. ರಾತ್ರಿ ಒಬ್ಬಳೇ ಇದ್ದಾಗ ಎಚ್ಚರದಿಂದಿರು, ಏನಾದರೂ ಆದರೆ ಸಣ್ಣದು ಅಂತ ಬಿಡದೆ ಗಾರ್ಡಾ, ಅಂದರೆ ಪೊಲೀಸ್, ಸ್ಟೇಷನ್ನಿನಲ್ಲಿ ಬರೆಸು.

ಒಳಗಿನವರು ಆಗ್ತೀವಾ ಅಂದರೆ, ನೀನು 'ಬ್ಲೋ ಇನ್', ಅಂದರೆ ಹೊರಗಿನಿಂದ ಬಂದವಳು, ಆಗಿಯೇ ಇರ್ತೀಯ. ಪಕ್ಕದ ಕೌಂಟಿಯಿಂದ ನಲವತ್ತು ವರ್ಷದ ಹಿಂದೆ ಮದುವೆಯಾಗಿ ಬಂದವಳನ್ನೂ ಹಾಗೇ ಅಂತಾರೆ, ಅದರಲ್ಲಿ ಅವಮಾನ ಇಲ್ಲ. ಮಗಳನ್ನು ಶನಿವಾರ ಊರಿನ ಜಿಎಎ ಕ್ಲಬ್ಬಿಗೆ ಕರಕೊಂಡು ಹೋಗು. ಕೋಲು ಚೆಂಡಿನ ಹರ್ಲಿಂಗ್, ಇವರದೇ ಥರದ ಗೇಲಿಕ್ ಫುಟ್‌ಬಾಲ್ ಆಡಿಸೋ ಈ ಸಂಸ್ಥೆ 1884ರದ್ದು, ಇವತ್ತಿಗೂ ಕೌಂಟಿ ತಂಡದ ಆಟಗಾರರಿಗೂ ಸಂಬಳ ಇಲ್ಲ. 82 ಸಾವಿರ ಜನರ ಮುಂದೆ ಭಾನುವಾರ ಆಡಿದ ಹುಡುಗ ಸೋಮವಾರ ಶಾಲೆಯಲ್ಲಿ ಪಾಠ ಮಾಡ್ತಾನೆ. ಅಲ್ಲಿ ಬಿಸ್ಕತ್ತು ಹಂಚೋಕೆ, ಟಿಕೆಟ್ ಮಾರೋಕೆ ಯಾವಾಗಲೂ ಕೈ ಬೇಕು, ಕೇಳೋವರೆಗೂ ಕಾಯದೆ ಹೋಗಿ ನಿಲ್ಲು. ಹಿಂದೆ ಕೊಯ್ಲಿಗೆ ಒಬ್ಬರಿಗೊಬ್ಬರು ಹೋಗ್ತಿದ್ದದ್ದಕ್ಕೆ ಇವರು 'ಮೆಹಲ್' ಅಂತಾರೆ. ನಮ್ಮ ಕಡೆ ಮುಯ್ಯಾಳು.

ಪಕ್ಕದ ಮನೆ ಅಜ್ಜ ಬಿನ್ ತಂದಿಡೋದೂ ಅದೇ. ದುಡ್ಡು ಕೊಡೋಕೆ ಹೋಗಬೇಡ, ನೊಂದುಕೊಳ್ತಾರೆ. ಅಮ್ಮ ಕಳಿಸಿದ ಕೋಡುಬಳೆ ಡಬ್ಬಿ ಇದೆ ಅಂದೆಯಲ್ಲ, ಒಂದು ತಟ್ಟೆಯಲ್ಲಿ ಹಾಕಿಕೊಂಡು ಹೋಗು, ಖಾರ ಇದೆ ಅಂತ ಮೊದಲೇ ಹೇಳು. ಬೇಡ ಬೇಡ ಅಂತಾರೆ. ಇನ್ನೊಂದು ಸಲ ಹೇಳು, ಮತ್ತೂ ಒಂದು ಸಲ ಹೇಳು. ತಗೊಂಡ ಮೇಲೆ, ನಿಮ್ಮ ಊರು ಯಾವುದು ಅಜ್ಜ, ಲಿಮರಿಕ್ಕೇನಾ ಅಂತ ಕೇಳು. ಮಗಳನ್ನೂ ಜೊತೆಗೆ ಕರಕೊಂಡು ಹೋಗಿರು, ಒಂದು ಗಂಟೆ ಬಿಡುವು ಇಟ್ಟುಕೊಂಡು.